ಒಣ ಹುಲ್ಲುಗಾವಲಿನ ಮಣ್ಣಿಗೆ ಬಕೆಟ್ ಆಗರ್

ಅರೆಶುಷ್ಕ ಹುಲ್ಲುಗಾವಲಿನ ಮಣ್ಣು ನೋಡಲು 7 ಸೆಂ.ಮೀ. ವ್ಯಾಸದ ಬಕೆಟ್ ಆಗರ್ (ತಿರುಗಿಸುತ್ತ ಇಳಿಸಿ, ತುದಿಯ ಹಲ್ಲುಳ್ಳ ಡಬ್ಬಿಯಲ್ಲಿ ಮಣ್ಣು ತುಂಬಿ ಮೇಲೆತ್ತುವ ಬೈರಿಗೆ) ಒಳ್ಳೆಯ ಸಾಧನ. ಮೇಲಿನ ತೆಳು ಕಂದು ಪದರ, ಅದರಡಿಯ ಜೇಡಿ ಸಲೀಸಾಗಿ ಬರುತ್ತವೆ. ಒಂದು ಸಲಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಇಳಿಸಬೇಡಿ, ಪದರಗಳು ಕಲಸಿಹೋಗುತ್ತವೆ.

ತೊಡಕು ಇರುವುದು ಸುಣ್ಣದ ಪದರದಲ್ಲಿ. ಅಲ್ಪ ಮಳೆಯ ನೀರು ಕರಗಿದ ಸುಣ್ಣವನ್ನು ತುಸು ಆಳಕ್ಕೆ ಒಯ್ದು, ಒಣಗುವಾಗ ಅಲ್ಲೇ ಬಿಡುತ್ತದೆ. ಸಾವಿರಾರು ವರ್ಷಗಳಲ್ಲಿ ಬಿಳಿ ಎಳೆ ಗಂಟಾಗಿ, ಗಂಟುಗಳು ಬೆಸೆದು ಚಪ್ಪಡಿಯಾಗುತ್ತವೆ. ಗಂಟುಗಳ ಹಂತದ ತನಕ ಆಗರ್ ತಾಳಿಕೊಳ್ಳುತ್ತದೆ. ಚಪ್ಪಡಿಗೆ ತಗುಲಿದರೆ ಹಲ್ಲು ಮೊಂಡಾಗುತ್ತದೆ. ಅಲ್ಲಿ ಗುಂಡಿ ತೋಡುವುದೇ ಸರಿ.

ಪ್ರತಿ ಪದರದ ಮಣ್ಣಿಗೂ ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಡಿ; ಸುಣ್ಣವಿದ್ದರೆ ಬುರುಗು ಬರುತ್ತದೆ, ಅದು ಶುರುವಾದ ಆಳ ಬರೆದಿಡಿ. ಹೆಂಟೆಗಳ ಸಹಜ ರಚನೆ ಮಾತ್ರ ಆಗರ್‌ನಲ್ಲಿ ಉಳಿಯುವುದಿಲ್ಲ.