ಲಿನಕ್ಸ್ ಮಿಂಟ್‌ನಲ್ಲಿ ಗೇಮ್, ಕೆಲಸ, ರಿಪೇರಿ: ತೀರ್ಥಹಳ್ಳಿ ಕಡೆಯ ಬಳಕೆದಾರನೊಬ್ಬನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ನೀವಾಗಲಿ ನಿಮ್ಮ ಮನೆ ಹುಡುಗರಾಗಲಿ ಆಡುವುದು ವ್ಯಾಲರೆಂಟ್, ಪಬ್‌ಜಿ, ಫೋರ್ಟ್‌ನೈಟ್ ಆಗಿದ್ದರೆ ಈ ವಿಮರ್ಶೆ ನಿಮಗೆ ಇಲ್ಲಿಗೇ ಮುಗಿಯಿತು. ಅವು ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಿಕೊಳ್ಳುವ ಉಚಿತ ಆಪರೇಟಿಂಗ್ ಸಿಸ್ಟಂನಲ್ಲಿ, ಓಡುವುದಿಲ್ಲ; ಮಿಂಟ್ ಅದರದೇ ಒಂದು ರೂಪ. ಮೋಸದಾಟ ಹಿಡಿಯಲು ಅವರು ಇಟ್ಟಿರುವ ಕಾವಲು ಸಾಫ್ಟ್‌ವೇರ್ ಲಿನಕ್ಸನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಬ್ಯಾಟಲ್‌ಐ, ಈಸಿ ಆಂಟಿಚೀಟ್ ಅನ್ನುವ ಇಂಥ ಎರಡು ಕಾವಲು ಸಾಫ್ಟ್‌ವೇರ್‌ಗೂ 2021ರಿಂದ ಲಿನಕ್ಸ್‌ನಲ್ಲಿ ಕೆಲಸ ಮಾಡುವ ದಾರಿ ಇದೆ, ಆದರೆ ಅದನ್ನು ತೆರೆಯುವುದು ಬಿಡುವುದು ಗೇಮ್ ಮಾಡಿದವರ ಮರ್ಜಿ. ಜಿಟಿಎ 5ರಲ್ಲಿ ಕಥೆಯ ಭಾಗ ಇಂದಿಗೂ ಚೆನ್ನಾಗಿ ಓಡುತ್ತದೆ; 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿದ ಮೇಲೆ ಆನ್‌ಲೈನ್ ಭಾಗ ಹೋಯಿತು. ನನ್ನ ಅಣ್ಣನ ಮಗನಿಗೆ ಇದೊಂದು ಸಿಟ್ಟು ಇನ್ನೂ ಇಳಿದಿಲ್ಲ. "ಎಂತ ಚಿಕ್ಕಪ್ಪ, ಎಲ್ಲ ಓಡ್ತದೆ ಅಂದಿದ್ರಿ" ಅಂತ ರಜೆಗೆ ಬಂದಾಗೆಲ್ಲ ಕೇಳುತ್ತಾನೆ.

ನನ್ನದು ಆರನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್. ವಿಂಡೋಸ್ 11 ಇದನ್ನು ಒಪ್ಪುವುದಿಲ್ಲ, ಅದಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ಜನರೇಷನ್‌ನಿಂದ ಮೇಲಿನ ಪ್ರೊಸೆಸರ್ ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಚೆನ್ನಾಗಿ ಓಡುವ ಮಷೀನನ್ನು ಗುಜರಿಗೆ ಹಾಕುವ ಮನಸ್ಸಿಲ್ಲದೆ ಮಿಂಟ್ 21ರ ಕಾಲದಲ್ಲೇ ಈ ಕಡೆ ಬಂದೆ. ಈಗಿರುವುದು ಮಿಂಟ್ 22, ಸಿನಮನ್ ಅನ್ನುವ ಡೆಸ್ಕ್‌ಟಾಪ್ ಇರುವ ಆವೃತ್ತಿ. 2024ರ ಜುಲೈಯಲ್ಲಿ ಬಂದದ್ದು, ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನ 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ.

ಗೇಮ್ ವಿಷಯದಲ್ಲಿ ಪುಣ್ಯ ಕಟ್ಟಿಕೊಂಡದ್ದು ಪ್ರೋಟಾನ್, ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಇದನ್ನು ಗೇಮ್ ಮಾರುವ ತನ್ನ ಸ್ಟೀಮ್ ಆ್ಯಪ್ ಒಳಗೇ ಸೇರಿಸಿತು. ವಿಂಡೋಸ್ ಗೇಮ್ ಚಿತ್ರ ಬಿಡಿಸಲು ಡೈರೆಕ್ಟ್‌ಎಕ್ಸ್ ಅನ್ನುವ ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಇದರೊಳಗಿನ ಡಿಎಕ್ಸ್‌ವಿಕೆ ಲಿನಕ್ಸಿಗೆ ತಿಳಿಯುವ ವಲ್ಕನ್‌ಗೆ ತಿರುಗಿಸಿ ಕಾರ್ಡಿಗೆ ದಾಟಿಸುತ್ತದೆ. 2022ರಲ್ಲಿ ವಾಲ್ವ್‌ನದೇ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಬಂತಲ್ಲ, ಅದರೊಳಗೂ ಲಿನಕ್ಸೇ ಇರುವುದರಿಂದ ಅಲ್ಲಿಂದೀಚೆಗೆ ಸುಧಾರಣೆಗೆ ಒಳ್ಳೆ ವೇಗ ಬಂತು. ಬಳಸುವವರು ಮಾಡಬೇಕಾದದ್ದು ಇಷ್ಟೇ: ಸ್ಟೀಮ್ ಸೆಟ್ಟಿಂಗ್ಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಎಲ್ಲ ಗೇಮ್‌ಗಳಿಗೂ ಪ್ರೋಟಾನ್ ಆನ್ ಆಗಿದೆಯೇ ನೋಡಿಕೊಳ್ಳುವುದು. ದಿ ವಿಚರ್ 3 ಮೀಡಿಯಂ ಸೆಟ್ಟಿಂಗ್‌ನಲ್ಲಿ ತಡವರಿಸದೆ ಓಡುತ್ತದೆ. ಹೇಡೀಸ್‌ಗೆ ಏನೂ ಮಾಡಬೇಕಾಗಲಿಲ್ಲ. ಯೂರೋ ಟ್ರಕ್ ಸಿಮ್ಯುಲೇಟರ್ 2, ಸ್ಟಾರ್‌ಡ್ಯೂ ವ್ಯಾಲಿ, ಕೌಂಟರ್ ಸ್ಟ್ರೈಕ್ 2 ಇವೆಲ್ಲ ಲಿನಕ್ಸ್‌ಗೆ ಅಂತಲೇ ಬಂದಿವೆ. ದುಡ್ಡು ಕೊಡುವ ಮೊದಲು ಯಾವ ಗೇಮ್ ಎಷ್ಟು ಚೆನ್ನಾಗಿ ಓಡುತ್ತದೆ ಅಂತ ಆಡಿದವರೇ ಬರೆಯುವ ಪ್ರೋಟಾನ್‌ಡಿಬಿ ಸೈಟಿನಲ್ಲಿ ಆ ಗೇಮಿನ ಹೆಸರು ಹುಡುಕಿ. ಪ್ಲಾಟಿನಂ, ಗೋಲ್ಡ್ ದರ್ಜೆ ಇದ್ದರೆ ಧೈರ್ಯವಾಗಿ ಕೊಳ್ಳಬಹುದು. ಸಿಲ್ವರ್ ಅಂದರೆ ಒಂದು ಭಾನುವಾರ ಹಾಳು ಅಂತ ತಿಳಿಯಿರಿ.

ನಮ್ಮ ಕಡೆ ಗೇಮ್ ಓಡಿಸುವುದಕ್ಕಿಂತ ಅದನ್ನು ಮನೆಗೆ ತರುವುದೇ ದೊಡ್ಡ ತಾಪತ್ರಯ. ಜೂನ್ ಹಿಡಿದರೆ ಎಲ್ಲೋ ಮರ ಬಿದ್ದು ಫೈಬರ್ ಕಟ್ ಆಗಿರುತ್ತದೆ, ಮೊಬೈಲ್ ಹಾಟ್‌ಸ್ಪಾಟ್ ಹಿಡಿಯಬೇಕೆಂದರೆ ಅಂಗಳದ ಒಂದು ಮೂಲೆಗೆ ಹೋಗಬೇಕು. 50 ಜಿಬಿ ಗೇಮ್ ಇಳಿಸುವ ಮಾತೇ ಇಲ್ಲ. ಹಾಗಾಗಿ ನಾವು ಕಂಡುಕೊಂಡ ದಾರಿ: ಶಿವಮೊಗ್ಗದ ಹಾಸ್ಟೆಲ್‌ನಲ್ಲಿರುವ ಅಣ್ಣನ ಮಗ ಅವನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇಳಿಸಿ, ಸ್ಟೀಮ್ ಫೋಲ್ಡರಿನಲ್ಲಿರುವ ಆ ಗೇಮಿನ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ ಬಸ್ಸಿನಲ್ಲಿ ತರುತ್ತಾನೆ. ಇಲ್ಲಿ ಅದೇ ಜಾಗಕ್ಕೆ ಹಾಕಿ ಇನ್‌ಸ್ಟಾಲ್ ಒತ್ತಿದರೆ ಸ್ಟೀಮ್ ಇದ್ದ ಫೈಲುಗಳನ್ನೆಲ್ಲ ತಾಳೆ ನೋಡಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಪ್ರೋಟಾನ್ ಓಡಿಸುವುದು ವಿಂಡೋಸ್ ಫೈಲುಗಳನ್ನೇ ಆದ್ದರಿಂದ ಇದು ನಡೆಯುತ್ತದೆ. ಲಿನಕ್ಸ್‌ಗೆ ಅಂತಲೇ ಬಂದ ಗೇಮುಗಳಲ್ಲಿ ಫೈಲು ಬೇರೆ ಇರುವುದರಿಂದ ಒಂದಿಷ್ಟು ಮತ್ತೆ ಇಳಿಸಬೇಕಾಗುತ್ತದೆ. ಒಂದು ಎಚ್ಚರಿಕೆ: ಹಳೇ ವಿಂಡೋಸ್ ಡ್ರೈವನ್ನೇ, ಅಂದರೆ ವಿಂಡೋಸ್ ಫೈಲು ಇಡುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿರುವುದನ್ನೇ, ಸ್ಟೀಮ್ ಲೈಬ್ರರಿ ಮಾಡಿಕೊಳ್ಳಬೇಡಿ. ಪ್ರೋಟಾನ್ ಬರೆಯುವ ಕೆಲವು ಹೆಸರುಗಳಲ್ಲಿ ಕೋಲನ್ ಚಿಹ್ನೆ ಇರುತ್ತದೆ, ವಿಂಡೋಸ್‌ಗೆ ಅದು ಆಗಿಬರುವುದಿಲ್ಲ. ಡ್ರೈವನ್ನು ಲಿನಕ್ಸಿನ ಎಕ್ಸ್‌ಟಿ4 ಪದ್ಧತಿಗೆ ಫಾರ್ಮ್ಯಾಟ್ ಮಾಡಿಕೊಂಡರೆ ತಂಟೆಯಿಲ್ಲ.

ಡೇಟಾ ತಿನ್ನುವ ಇನ್ನೊಂದು ಕಳ್ಳ ಶೇಡರ್ ಕ್ಯಾಶ್, ಅಂದರೆ ಗೇಮಿನ ಚಿತ್ರ ಬಿಡಿಸಲು ಮೊದಲೇ ಸಿದ್ಧ ಮಾಡಿಡುವ ಫೈಲುಗಳು. ನೀವು ಆಡದಿದ್ದರೂ ಸ್ಟೀಮ್ ಆಗಾಗ ಗೇಮುಗಳ ಶೇಡರ್ ಇಳಿಸುತ್ತಿರುತ್ತದೆ, ಗೇಮ್ ತೆರೆದಾಗ "ವಲ್ಕನ್ ಶೇಡರ್ ಸಿದ್ಧವಾಗುತ್ತಿದೆ" ಅನ್ನುವ ಪಟ್ಟಿ ತೋರಿಸಿ ಕೂರಿಸುತ್ತದೆ. ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ ಇದನ್ನು ಆರಿಸಬಹುದು. ಆರಿಸಿದರೆ ಹೊಸ ಜಾಗಕ್ಕೆ ಕಾಲಿಟ್ಟಾಗ ಗೇಮ್ ಒಂದೆರಡು ಕ್ಷಣ ಎಡವಬಹುದು. ಹಾಟ್‌ಸ್ಪಾಟಿನವರಿಗೆ ಆ ಎಡವುವಿಕೆಯೇ ವಾಸಿ.

ಇನ್ನು ಕರೆಂಟು. ಯುಪಿಎಸ್ ಬ್ಯಾಟರಿ ಇಳಿದಿದ್ದ ಕಾಲದಲ್ಲಿ, ಅಪ್‌ಡೇಟ್ ನಡೆಯುವಾಗಲೇ ಕರೆಂಟು ಹೋಗಿ, ಮಾರನೆ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರ, ಕೊನೇ ಸಾಲಿನಲ್ಲಿ ಆವರಣದೊಳಗೆ "ಇನಿಟ್‌ರ‍್ಯಾಮ್‌ಎಫ್‌ಎಸ್" ಅಂತ ಬರೆದು ಮಿಣುಕುವ ಗೆರೆ. ನೋಡಿದವರು ಹಾರ್ಡ್ ಡಿಸ್ಕ್ ಸತ್ತಿತು ಅಂದುಕೊಳ್ಳಬೇಕು, ಹಾಗಿರುತ್ತದೆ. ಆದರೆ ಎರಡು ಸಾಲು ಮೇಲೆ ಓದಿದರೆ ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ಕೆಟ್ಟಿದೆ, ಏನು ಮಾಡಬೇಕು ಎರಡನ್ನೂ ಅದೇ ಹೇಳಿರುತ್ತದೆ. ಎಫ್ ಎಸ್ ಸಿ ಕೆ (fsck) ಅಂತ ಟೈಪಿಸಿ, ಒಂದು ಸ್ಪೇಸ್ ಬಿಟ್ಟು ಅಲ್ಲಿ ಕಂಡ ಪಾರ್ಟಿಷನ್ ಹೆಸರು ಹಾಕಿ, ಕೇಳಿದ್ದಕ್ಕೆಲ್ಲ ವೈ ಒತ್ತುತ್ತಾ ಹೋಗುವುದು, ಕೊನೆಗೆ ರೀಸ್ಟಾರ್ಟ್. ಕಾಫಿ ಆರುವುದರೊಳಗೆ ಡೆಸ್ಕ್‌ಟಾಪ್ ಬಂತು. ಸಿಪಿಯು ಎತ್ತಿಕೊಂಡು ಶಿವಮೊಗ್ಗ ಬಸ್ಸು ಹತ್ತಿ, ಅಂಗಡಿಯವರ ಕೈಯಲ್ಲಿ "ವಿಂಡೋಸ್ ಹೊಸದಾಗಿ ಹಾಕಬೇಕು, ಡೇಟಾ ಗ್ಯಾರಂಟಿ ಇಲ್ಲ" ಅನ್ನಿಸಿಕೊಂಡು ಬರುವ ಕೆಲಸ ನನಗೆ ತಪ್ಪಿರುವುದು ಹೀಗೆ. ಮಿಂಟ್ ಮೇಲೆ ನನ್ನ ಪ್ರೀತಿಗೆ ಗೇಮ್ ಎರಡನೇ ಕಾರಣ, ಮೊದಲನೆಯದು ಇದು.

ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅಪ್‌ಡೇಟ್ ಆದ ಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಂದದೆ ಪರದೆ ಬರದಿದ್ದರೂ ಅಷ್ಟೇ. ಆನ್ ಮಾಡುವಾಗ, ಯಾವುದರಲ್ಲಿ ಶುರುವಾಗಬೇಕು ಅಂತ ಕೇಳುವ ಗ್ರಬ್ ಮೆನು ತಂದು ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋದರೆ ಹಳೇ ಕರ್ನಲ್ ಇನ್ನೂ ಅಲ್ಲೇ ಇರುತ್ತದೆ, ಅದರಲ್ಲಿ ಒಳಗೆ ಬಂದು ಡ್ರೈವರ್ ಮ್ಯಾನೇಜರಿನಲ್ಲಿ ಬೇರೆ ಡ್ರೈವರ್ ಆರಿಸಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ ಟೈಮ್‌ಶಿಫ್ಟ್ ಇದೆ, ಮಿಂಟ್ ಜೊತೆಗೇ ಬರುತ್ತದೆ. ನಿನ್ನೆಯ ಸಿಸ್ಟಂ ಹೇಗಿತ್ತೋ ಹಾಗೆ ತಂದಿಡುತ್ತದೆ, ಫೋಟೊ ಫೈಲುಗಳನ್ನು ಮುಟ್ಟುವುದಿಲ್ಲ. ಇನ್‌ಸ್ಟಾಲ್ ಮಾಡಿದ ದಿನವೇ ಅದನ್ನು ಆನ್ ಮಾಡಿ. ಹೊಸದಾಗಿ ಕಾರ್ಡ್ ಕೊಳ್ಳುವವರಿಗೆ ಒಂದು ಮಾತು: ಎಎಂಡಿ, ಇಂಟೆಲ್ ಆದರೆ ಡ್ರೈವರ್ ಲಿನಕ್ಸ್‌ನಲ್ಲೇ ಇರುತ್ತದೆ, ಬೇರೆ ಹಾಕುವ ಗೋಜಿಲ್ಲ. ಆಟದ ನಡುವೆ ಡೆಸ್ಕ್‌ಟಾಪ್ ಕಲ್ಲಾಗಿ ಕೂತರೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಸಿನಮನ್ ಮಾತ್ರ ಹೊಸದಾಗಿ ಶುರುವಾಗುತ್ತದೆ, ತೆರೆದಿದ್ದ ವಿಂಡೋಗಳು ಉಳಿಯುತ್ತವೆ. ವಿಂಡೋಸ್ ಪಕ್ಕದಲ್ಲೇ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆಗುತ್ತದೆ. ಕಂಪ್ಯೂಟರಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಇಟ್ಟುಕೊಳ್ಳುತ್ತದೆ, ವಿಂಡೋಸ್ ಊರಿನ ಸಮಯ. ಒಂದೇ ಸಾಲಿನ ಕಮಾಂಡ್‌ನಲ್ಲಿ ಸರಿಹೋಗುತ್ತದೆ.

ಕನ್ನಡ ಚೆನ್ನಾಗಿದೆ. ಬೇರೆ ಭಾಷೆ ಟೈಪಿಸಲು ಇರುವ ಐಬಸ್ ಸಾಫ್ಟ್‌ವೇರ್ ಜೊತೆ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳು ಹೊಸದು ಕಲಿಯಬೇಕಿಲ್ಲ. ಯೂನಿಕೋಡ್‌ಗೂ ಮುಂಚಿನ ನುಡಿ, ಬರಹ ಫೈಲುಗಳನ್ನು ತೆರೆದರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಆ ಫಾಂಟ್ ಹಾಕಬೇಕು ಇಲ್ಲವೇ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕು. ಪಹಣಿ ತೆಗೆಯುವುದು, ಬ್ಯಾಂಕು, ಅಡಿಕೆ ಧಾರಣೆ ನೋಡುವುದು ಎಲ್ಲ ಬ್ರೌಸರಿನ ಕೆಲಸ, ಅದರಲ್ಲಿ ಕಷ್ಟವಿಲ್ಲ.

ನನಗೆ ಇನ್ನೂ ಬಗೆಹರಿಯದ್ದು ಪ್ರಿಂಟರ್. ಈಗಿನ ವೈಫೈ ಪ್ರಿಂಟರುಗಳು ಡ್ರೈವರ್ ಇಲ್ಲದೆಯೇ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿರುವ ಹಳೇ ಲೇಸರ್ ಪ್ರಿಂಟರಿಗೆ ಅದರ ಕಂಪನಿಯದೇ ಡ್ರೈವರ್ ಬೇಕು, ಅದು ಒಂದು ಪುಟ ಕೊಟ್ಟು ಎರಡನೆಯದಕ್ಕೆ ಮುನಿಸಿಕೊಳ್ಳುತ್ತದೆ. ಪಿಡಿಎಫ್ ಫೋನಿಗೆ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುವುದೇ ಈಗ ರೂಢಿಯಾಗಿದೆ. ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಜಿಎಸ್‌ಟಿ ಕೆಲಸ ಮಾಡುವವರು ಒಂದು ವಿಂಡೋಸ್ ಲ್ಯಾಪ್‌ಟಾಪ್ ಉಳಿಸಿಕೊಳ್ಳಿ.

ಹಾಕಬೇಕು ಅಂದುಕೊಂಡವರು ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಾರ್ಡ್ ಡಿಸ್ಕ್ ಮುಟ್ಟುವುದೇ ಬೇಡ. ವೈಫೈ ಹಿಡಿಯುತ್ತದೆಯೇ, ಹೆಡ್‌ಸೆಟ್ಟಿನ ಮೈಕ್ ಕೇಳಿಸುತ್ತದೆಯೇ, ಸಸ್ಪೆಂಡ್ ಮಾಡಿದರೆ ಮತ್ತೆ ಏಳುತ್ತದೆಯೇ, ಪ್ರಿಂಟರ್ ಪುಟ ಕೊಡುತ್ತದೆಯೇ. ಈ ನಾಲ್ಕು ಆದರೆ ಇನ್‌ಸ್ಟಾಲ್ ಮಾಡಿ. 4 ಜಿಬಿ ರ‍್ಯಾಮಿನ ಹಳೇ ಮಷೀನಾದರೆ ಸಿನಮನ್ ಬಿಟ್ಟು ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ.