ಮೂರು ತಿಂಗಳ ಚಂದಾ, ಒಂಬತ್ತು ವರ್ಷದ ಮಗಳು: ಒಂದು ಮರುಸಂಗಾತಿ ಆ್ಯಪ್‌ನ ವಿಮರ್ಶೆ

ಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಹೊಸ ಜೊತೆಯನ್ನು ಹುಡುಕಿಕೊಡುತ್ತೇವೆಂದು ಹೇಳಿಕೊಳ್ಳುವ ಒಂದು ಆ್ಯಪ್ ಅನ್ನು, ಮೂರು ತಿಂಗಳ ಚಂದಾವನ್ನು ಮೂರು ಸಲ ಕಟ್ಟಿ, ಒಂಬತ್ತು ತಿಂಗಳು ಬಳಸಿದ್ದೇನೆ. ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇಂಥ ಸೇವೆಗಳ ಒಳರಚನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬೇರೆ ಯಾವುದನ್ನಾದರೂ ಆರಿಸಿಕೊಂಡವರಿಗೂ ಈ ಅನುಭವ ಉಪಯೋಗಕ್ಕೆ ಬಂದೀತು. ನನ್ನ ಪತಿ ತೀರಿಕೊಂಡು ಐದು ವರ್ಷವಾಗಿದೆ. ಮಗಳಿಗೆ ಈಗ ಒಂಬತ್ತು. ಐದಕ್ಕೆ ನಾನು ಕೊಡುವ ಅಂಕ ಮೂರು, ಅದರಲ್ಲಿ ಎರಡು ಒಂದೇ ಒಂದು ಸೌಲಭ್ಯಕ್ಕೆ ಸಲ್ಲಬೇಕಾದವು.

ನೋಂದಣಿಯ ಫಾರಂ ಚುಟುಕಾಗಿದೆ. ವೈವಾಹಿಕ ಸ್ಥಿತಿಯ ಕೆಳಗೆ ನಾಲ್ಕು ಆಯ್ಕೆಗಳಿದ್ದು, ಅವುಗಳಲ್ಲಿ ‘ಸಂಗಾತಿ ತೀರಿಕೊಂಡಿದ್ದಾರೆ’ ಎಂಬುದೂ ಒಂದು. ಆದರೆ ಅದನ್ನು ಒತ್ತಿದ ಮೇಲೆ ಬರುವ ಪ್ರಶ್ನೆಗಳೆಲ್ಲ ವಿಚ್ಛೇದಿತರಿಗೆಂದು ಬರೆದವೇ. ‘ಮಕ್ಕಳು ಯಾರ ಬಳಿ ಎಷ್ಟು ದಿನ ಇರುತ್ತಾರೆ’ ಎಂದು ಕೇಳಿದ್ದಾರೆ. ಇನ್ಯಾರ ಬಳಿ ಇರಬೇಕು? ಮಕ್ಕಳ ಸಂಖ್ಯೆಯನ್ನು ಕೇಳುವ ಫಾರಂ ಅವರ ವಯಸ್ಸನ್ನು ಕೇಳುವುದಿಲ್ಲ. ಎರಡು ವರ್ಷದ ಕೂಸಿರುವ ಮನೆಗೂ ಹದಿನಾರರ ಹುಡುಗನಿರುವ ಮನೆಗೂ ಇರುವ ಅಂತರವನ್ನು ಬಲ್ಲ ಯಾರೂ ಇದನ್ನು ಮರೆಯುತ್ತಿರಲಿಲ್ಲ.

ಭಾವಚಿತ್ರದ ವಿಷಯದಲ್ಲಿ ತಪ್ಪು ಆ್ಯಪ್‌ನದಲ್ಲ, ಆದರೂ ಹೇಳಬೇಕು. ನಾನೊಬ್ಬಳೇ ಇರುವ ಇತ್ತೀಚಿನ ಚಿತ್ರ ಬೇಕೆಂಬುದು ನಿಯಮ. ನಾನೊಬ್ಬಳೇ ಇರುವ ಒಳ್ಳೆಯ ಚಿತ್ರಗಳನ್ನೆಲ್ಲ ತೆಗೆದವರು ನನ್ನ ಪತಿಯೇ. ಹಾಗಾಗಿ ಯಾವ ಚಿತ್ರವನ್ನು ತೆರೆದರೂ ನಾನು ಅವರನ್ನೇ ನೋಡಿ ನಗುತ್ತಿರುತ್ತೇನೆ. ಆ ನಗುವನ್ನು ಅಪರಿಚಿತರ ಮುಂದಿಡಲು ಮನಸ್ಸಾಗದೆ, ಕೊನೆಗೆ ಮಗಳಿಂದ ಒಂದು ತೆಗೆಸಿಕೊಂಡೆ. ಅವಳ ಎತ್ತರದಿಂದ ತೆಗೆದದ್ದರಿಂದ ಅದರಲ್ಲಿ ನನ್ನ ಗದ್ದವೇ ಎದ್ದು ಕಾಣುತ್ತದೆ. ಒಂಬತ್ತು ತಿಂಗಳೂ ಅದೇ ಇತ್ತು. ಮಕ್ಕಳ ಜೊತೆಗಿನ ಚಿತ್ರವನ್ನೂ ಹಾಕಬಹುದೆಂದು ಈ ಆ್ಯಪ್ ಸಲಹೆ ಕೊಡುತ್ತದೆ. ದಯವಿಟ್ಟು ಹಾಕಬೇಡಿ. ಮಗುವಿನ ಮುಖ, ಶಾಲೆಯ ಸಮವಸ್ತ್ರ, ಮನೆಯ ಮುಂಬಾಗಿಲು, ಇವುಗಳಲ್ಲಿ ಯಾವುದೂ ಅಲ್ಲಿ ಇರಬೇಕಾದದ್ದಲ್ಲ.

ಇನ್ನು ‘ಸಿದ್ಧತೆಯ ಪರೀಕ್ಷೆ’. ಹನ್ನೆರಡು ಪ್ರಶ್ನೆಗಳಿಗೆ ಉತ್ತರಿಸಿದರೆ ಹೊಸ ಸಂಬಂಧಕ್ಕೆ ನೀವು ಶೇಕಡಾ ಎಷ್ಟು ಸಿದ್ಧರೆಂದು ಅದು ಹೇಳುತ್ತದೆ. ಒಂದು ದಿನ ನನಗೆ 82 ಬಂತು. ಮರುದಿನ ನನ್ನ ಪತಿಯ ಹುಟ್ಟುಹಬ್ಬ. ಕುತೂಹಲಕ್ಕೆಂದು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದಾಗ ಬಂದದ್ದು 40. ಪರೀಕ್ಷೆಯ ಜೊತೆಗಿರುವ ಲೇಖನದಲ್ಲಿ ದುಃಖದ ಐದು ಹಂತಗಳನ್ನು (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ) ಮೆಟ್ಟಿಲುಗಳಂತೆ ಚಿತ್ರಿಸಿ, ಐದನ್ನೂ ಹತ್ತಿದವರು ಮಾತ್ರ ಮುಂದುವರಿಯಬೇಕೆಂದು ಬರೆದಿದ್ದಾರೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಐದು ಹಂತಗಳನ್ನು ವಿವರಿಸಿದ್ದು ಸಾವನ್ನು ಎದುರಿಸುತ್ತಿದ್ದ ರೋಗಿಗಳನ್ನು ಮಾತನಾಡಿಸಿ. ಉಳಿದುಕೊಂಡವರ ಮುಂದಿನ ಬದುಕಿಗೆ ಅದನ್ನು ವೇಳಾಪಟ್ಟಿಯಾಗಿ ಹಚ್ಚುವುದು ಸರಿಯಲ್ಲ. ನನ್ನ 82 ಮತ್ತು 40ಕ್ಕೆ ಅರ್ಥ ಸಿಕ್ಕಿದ್ದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಷುಟ್ 1999ರಲ್ಲಿ ಮಂಡಿಸಿದ ವಿವರಣೆಯಲ್ಲಿ. ಅಗಲಿಕೆಯ ನೋವಿನ ಕಡೆಗೊಮ್ಮೆ, ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಕೆಲಸದ ಕಡೆಗೊಮ್ಮೆ ಮನಸ್ಸು ತೂಗಾಡುತ್ತಿರುತ್ತದೆ, ಆ ತೂಗಾಟವೇ ಸಹಜ ಎಂಬುದು ಅದರ ತಿರುಳು. ಅದರಂತೆ ನೋಡಿದರೆ ಎರಡೂ ಅಂಕಗಳು ನನ್ನವೇ.

ಎಲ್ಲಕ್ಕಿಂತ ದೊಡ್ಡ ತಕರಾರು ಅವಸರದ ಬಗ್ಗೆ. ದಿನಕ್ಕೆರಡು ಸಲ ‘ನಿಮಗಾಗಿ ಏಳು ಹೊಸ ಪರಿಚಯಗಳು ಕಾಯುತ್ತಿವೆ’ ಎಂಬ ಸೂಚನೆ ಬರುತ್ತದೆ, ಎರಡನೆಯದು ಸಂಜೆ ಏಳಕ್ಕೆ ಸರಿಯಾಗಿ, ಎಂದರೆ ಮಗಳು ನನ್ನ ಮೊಬೈಲಿನಲ್ಲಿ ಶಾಲೆಯ ಮನೆಗೆಲಸ ನೋಡುವ ಹೊತ್ತಿಗೆ. ನಾನಾಗಿ ಹೇಳಬೇಕೆಂದಿದ್ದ ಮಾತನ್ನು ಅವಳು ಹಾಗೆ ಓದಿ ತಿಳಿದುಕೊಂಡಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತ ಕುಳಿತು, “ಅವರು ಬಂದರೆ ಅಪ್ಪನ ಕನ್ನಡಕ ಎಲ್ಲಿಡೋದಮ್ಮಾ?” ಎಂದು ಕೇಳಿದಳು. ನನ್ನ ಮೇಜಿನ ಮೇಲಿನ ಡ್ರಾಯರಿನಲ್ಲಿ, ಒಂದು ಕಡ್ಡಿ ಸಡಿಲವಾಗಿರುವ ಆ ಕನ್ನಡಕ ಇಂದಿಗೂ ಇದೆ. ಅವರು ಹೋದಾಗ ಅವಳಿಗೆ ನಾಲ್ಕು ವರ್ಷ. ಸತ್ತವರು ಮರಳುವುದಿಲ್ಲವೆಂಬುದು ಆ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ಪೂರ್ತಿ ತಿಳಿದಿರುವುದಿಲ್ಲ. ತಿಳುವಳಿಕೆ ಬೆಳೆದಂತೆಲ್ಲ ಅವರು ಅದೇ ಸಾವನ್ನು ಹೊಸದಾಗಿ ದುಃಖಿಸುತ್ತಾರೆ. ನನಗೆ ಐದು ವರ್ಷ ಹಳೆಯದಾದ ಸಾವು ಅವಳ ಪಾಲಿಗೆ ಕೆಲವೊಮ್ಮೆ ಕಳೆದ ತಿಂಗಳಿನದು.

ಹಿಂದಿನ ಸಂಬಂಧದ ಮಕ್ಕಳೊಡನೆ ಹೊಸ ಜೊತೆ ಕಟ್ಟಿಕೊಂಡ ಕುಟುಂಬಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿರುವ ಪೆಟ್ರೀಷಿಯಾ ಪೇಪರ್ನೋ ಅವರ ಪ್ರಕಾರ, ಬೇಗ ಹೊಂದಿಕೊಳ್ಳುವ ಮನೆಗಳಿಗೂ ಒಂದು ಕುಟುಂಬವೆನಿಸಲು ಸುಮಾರು 4 ವರ್ಷ ಹಿಡಿಯುತ್ತದೆ; ಅನೇಕರಿಗೆ 7 ಅಥವಾ ಅದಕ್ಕೂ ಹೆಚ್ಚು. ಚಂದಾ ಮಾತ್ರ ಮೂರು ತಿಂಗಳದ್ದು. ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ ಏರುಪೇರುಗಳಿಗೆ ಒತ್ತಡದ ಅಂಕ ಕೊಟ್ಟಾಗ ಸಂಗಾತಿಯ ಸಾವಿಗೆ ಎಲ್ಲಕ್ಕಿಂತ ಹೆಚ್ಚಿನ 100 ಇಟ್ಟರು. ಮದುವೆಗೂ 50 ಇಟ್ಟರೆಂಬುದನ್ನು ಮರೆಯಬಾರದು. ಸಂತೋಷದ ಬದಲಾವಣೆಯೂ ಹೊರಬೇಕಾದ ಭಾರವೇ. ‘ಮೊದಲ ಭೇಟಿಗೇ ಮಕ್ಕಳನ್ನು ಕರೆತನ್ನಿ’ ಎಂದು ಈ ಆ್ಯಪ್ ಕೊಡುವ ಉತ್ಸಾಹದ ಸಲಹೆಯನ್ನು ನಾನು ಪಾಲಿಸದಿದ್ದದ್ದು ಇದೇ ಕಾರಣಕ್ಕೆ. ಸೂಚನೆಗಳನ್ನು ನಿಲ್ಲಿಸುವ ಗುಂಡಿ ಮೂರು ಪುಟಗಳ ಒಳಗೆ ಅಡಗಿದೆ. ನೋಂದಾಯಿಸಿದ ದಿನವೇ ಹುಡುಕಿ ಒತ್ತಿಬಿಡಿ.

ಸುರಕ್ಷತೆಯ ಬಗ್ಗೆ ಎರಡು ಮಾತು. ಹೆಸರಿನ ಪಕ್ಕದ ನೀಲಿ ಗುರುತು ಹೇಳುವುದು, ಕ್ಯಾಮೆರಾದ ಮುಂದೆ ನಿಂತ ಮುಖವೂ ಭಾವಚಿತ್ರದ ಮುಖವೂ ಒಂದೇ ಎಂಬುದನ್ನಷ್ಟೆ. ಆ ಮನುಷ್ಯನ ಹೆಂಡತಿ ನಿಜವಾಗಿ ತೀರಿಕೊಂಡಿದ್ದಾಳೋ ಅಥವಾ ಪಕ್ಕದ ಕೋಣೆಯಲ್ಲಿದ್ದಾಳೋ ಅದಕ್ಕೆ ಗೊತ್ತಿಲ್ಲ. ಆ ಗುರುತೂ ಇಲ್ಲದ ಒಬ್ಬರು, ಹಡಗಿನಲ್ಲಿ ಎಂಜಿನಿಯರ್ ಎಂದು ಹೇಳಿಕೊಂಡು, ತಾಯಿಯಿಲ್ಲದ ಮಗನ ಬಗ್ಗೆ ಎರಡು ವಾರ ಬಹಳ ಚೆನ್ನಾಗಿ ಬರೆದರು. ವಿಡಿಯೊ ಕರೆಗೆ ಮಾತ್ರ ಪ್ರತಿ ಸಲವೂ ಸಿಗ್ನಲ್ ಇರುತ್ತಿರಲಿಲ್ಲ. ಮೂರನೆಯ ವಾರ ಮಗನ ಆಸ್ಪತ್ರೆಯ ಖರ್ಚಿಗೆ ಹಣ ಕೇಳಿದಾಗ ನಾನು ದೂರು ಕೊಟ್ಟೆ. ಸಿದ್ಧ ಉತ್ತರವೊಂದು ಬರುವುದಕ್ಕೆ ನಾಲ್ಕು ದಿನ ಹಿಡಿಯಿತು. ಒಂಟಿತನವೂ ಕೈಯಲ್ಲಿ ಒಂದಿಷ್ಟು ವಿಮೆಯ ಹಣವೂ ಇರಬಹುದೆಂಬ ಲೆಕ್ಕದಲ್ಲೇ ಇಂಥವರು ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಮೊದಲ ವಾರದಲ್ಲೇ ವಿಡಿಯೊದಲ್ಲಿ ಮುಖ ನೋಡಿ, ಭಾವಚಿತ್ರವನ್ನು ಹುಡುಕುತಾಣಕ್ಕೆ ಹಾಕಿ ಅದು ಬೇರೆಲ್ಲಿಯಾದರೂ ಇದೆಯೇ ಎಂದು ಪರೀಕ್ಷಿಸಿ, ಕಾರಣ ಎಷ್ಟೇ ಕರುಣಾಜನಕವಾಗಿದ್ದರೂ ಹಣ ಕಳುಹಿಸಬೇಡಿ.

ಎರಡು ಅಂಕ ಗಳಿಸಿದ ಸೌಲಭ್ಯ ಯಾವುದೆಂದರೆ, ಪರಿಚಯ ಪುಟದ ಕಟ್ಟಕಡೆಯಲ್ಲಿರುವ, ಉತ್ತರಿಸಲೇಬೇಕೆಂಬ ಒತ್ತಾಯವಿಲ್ಲದ ಒಂದು ಪ್ರಶ್ನೆ: ‘ತೀರಿಕೊಂಡ ನಿಮ್ಮ ಸಂಗಾತಿಯ ಬಗ್ಗೆ ಹೊಸಬರಿಗೆ ತಿಳಿದಿರಬೇಕಾದ ಸಂಗತಿಯೇನು?’ ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಕೆಲವರು ‘ಹಿಂದಿನದನ್ನು ಮರೆತಿದ್ದೇನೆ’ ಎಂದು ಬರೆಯುತ್ತಾರೆ. ಅಂಥವರ ಪುಟವನ್ನು ನಾನು ಅಲ್ಲಿಗೇ ಮುಚ್ಚುತ್ತಿದ್ದೆ, ಏಕೆಂದರೆ ನನ್ನ ಮನೆಯಲ್ಲಿ ಮರೆಯುವ ಹಾಗಿಲ್ಲ, ಮರೆಯಗೊಡದ ಒಬ್ಬಳಿದ್ದಾಳೆ. ಡ್ರಾಯರಿನ ಕನ್ನಡಕದ ಬಗ್ಗೆ ನಾನು ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಹನ್ನೊಂದು ಜನ ಪತ್ರ ಬರೆದರು, ಅವರಲ್ಲಿ ನಾಲ್ವರನ್ನು ಭೇಟಿಯಾದೆ. ಇಬ್ಬರು ಗಂಡುಮಕ್ಕಳ ತಂದೆಯೊಬ್ಬರ ಮೊದಲ ಪತ್ರದಲ್ಲಿ ಇದ್ದದ್ದು, ತಮ್ಮ ಮನೆಯಲ್ಲೂ ಅಂಥದೊಂದು ಡ್ರಾಯರ್ ಇದೆ, ಅದರಲ್ಲೊಂದು ಕೈಗಡಿಯಾರವಿದೆ, ಕಿರಿಯವನು ಅದಕ್ಕೆ ಆಗಾಗ ಕೀಲಿ ಕೊಡುತ್ತಾನೆ ಎಂಬಷ್ಟೇ ಮಾತು. ಏಳು ತಿಂಗಳಿಂದ ಪ್ರತಿ ಭಾನುವಾರ ನಾವು ಒಂದು ಗಂಟೆ ಜೊತೆಯಾಗಿ ನಡೆಯುತ್ತೇವೆ. ನನ್ನ ಮಗಳು ಅವರನ್ನು ಎರಡು ಸಲ ನೋಡಿದ್ದಾಳೆ, ಅಮ್ಮನ ಸ್ನೇಹಿತರೆಂದು ಬಲ್ಲಳು. ಅದಕ್ಕಿಂತ ಹೆಚ್ಚಿನದನ್ನು ಅವಳೂ ಕೇಳಿಲ್ಲ, ನಾವೂ ಇನ್ನೂ ಹೇಳಿಕೊಂಡಿಲ್ಲ.

ಕಳೆದ ವಾರ ಸದಸ್ಯತ್ವವನ್ನು ನಿಲ್ಲಿಸಿದೆ. ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ, ಅವಧಿ ಮುಗಿದೊಡನೆ ಅದು ತಾನಾಗಿ ನವೀಕರಣಗೊಳ್ಳುತ್ತದೆ. ಮೊದಲು ಚಂದಾ ರದ್ದುಮಾಡಿ, ಆಮೇಲೆ ಖಾತೆ ಅಳಿಸಿ, ಕೊನೆಗೆ ಆ್ಯಪ್ ತೆಗೆಯಬೇಕು. ನಿಲ್ಲಿಸುವಾಗ ಕಾರಣ ಕೇಳುತ್ತಾರೆ: ‘ಸಂಗಾತಿ ಸಿಕ್ಕಿದ್ದಾರೆ’, ‘ಸಂಗಾತಿ ಸಿಗಲಿಲ್ಲ’, ‘ಇತರೆ’. ‘ಇತರೆ’ ಎಂಬುದನ್ನು ಒತ್ತಿದೆ. ವಿವರ ಬರೆಯಲು ಕೊಟ್ಟಿದ್ದ ಜಾಗ ಇಪ್ಪತ್ತು ಅಕ್ಷರದ್ದಾಗಿತ್ತು.