ಬಾರ್ಬೆಕ್ಯೂ ತಿನ್ನೋರು ದಯವಿಟ್ಟು ಓದಿ: ಉಗುರುಬೆಚ್ಚಗಿರೋ ಮಾಂಸ ಮುಟ್ಬೇಡಿ

ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ, ಯಾಕಂದ್ರೆ ಇದು ಬರೀ ರುಚಿ ಇರ್ಲಿಲ್ಲ ಅನ್ನೋ ವಿಷಯ ಅಲ್ಲ. ಹೋದ ಶನಿವಾರ ರಾತ್ರಿ ಹೊಸದಾಗಿ ಶುರುವಾಗಿರೋ ಒಂದು ಬಾರ್ಬೆಕ್ಯೂ ರೆಸ್ಟೋರೆಂಟಿಗೆ ಹೋಗಿದ್ವಿ. ನಾನು, ಅಕ್ಕ, ಭಾವ, ಅವರ ಆರು ವರ್ಷದ ಮಗ ಪುಟ್ಟ, ಮತ್ತೆ ನನ್ನ ತಮ್ಮ. ಅಕ್ಕಂಗೆ ಹೊಸ ಕೆಲಸ ಸಿಕ್ಕಿದ ಖುಷಿಗೆ ಅಂತ ನಾನೇ ಆ ಜಾಗ ಹುಡುಕಿ ಟೇಬಲ್ ಬುಕ್ ಮಾಡಿದ್ದು, ಅದೇ ನಂಗೆ ಈಗ ಜಾಸ್ತಿ ನೋವು. ಹೋಟೆಲ್ ಹೆಸರು ಇಲ್ಲಿ ಹಾಕಲ್ಲ, ಆಹಾರ ಸುರಕ್ಷತೆಯವರಿಗೆ ದೂರು ಕೊಟ್ಟಿದೀನಿ, ಅವರು ನೋಡ್ಕೊಳ್ಲಿ. ನಾನು ಬರೀತಿರೋದು ಯಾವ ಬಾರ್ಬೆಕ್ಯೂ ಜಾಗಕ್ಕೆ ಹೋದ್ರೂ ನೀವು ಏನು ನೋಡ್ಬೇಕು ಅಂತ.

ಬಾಗಿಲು ತೆಗೆದ ತಕ್ಷಣ ಕಣ್ಣು ಉರೀತು. ಬಾರ್ಬೆಕ್ಯೂ ಜಾಗದಲ್ಲಿ ಹೊಗೆ ವಾಸನೆ ಇರ್ಲೇಬೇಕು, ಅದು ಬೇರೆ, ಆದ್ರೆ ಒಳ್ಳೆ ಬೆಂಕಿಯ ಹೊಗೆ ತೆಳ್ಳಗೆ ನೀಲಿಯಾಗಿ ಕಂಡೂ ಕಾಣ್ದಂಗೆ ಇರುತ್ತೆ, ಇಲ್ಲಿ ಹಿಂದುಗಡೆ ಗ್ರಿಲ್ಲಿಂದ ದಟ್ಟ ಬಿಳಿ ಹೊಗೆ ಸುರುಳಿ ಸುರುಳಿ ಬರ್ತಿತ್ತು. ಸೌದೆ ಹಸಿಯಾಗಿದ್ರೆ ಇಲ್ಲಾ ಬೆಂಕಿಗೆ ಗಾಳಿ ಸಾಲ್ದೆ ಇದ್ರೆ ಹಾಗಾಗುತ್ತೆ, ಅದು ಸರಿಯಾಗಿ ಉರೀದೇ ಇರೋ ಹೊಗೆ, ಅದರಲ್ಲಿರೋ ಟಾರ್ ಥರದ ಪದಾರ್ಥ ಮಾಂಸದ ಮೇಲೆ ಕೂತು ಕಹಿ ಆಗುತ್ತೆ. ನಾನು ನಾಲ್ಕು ವರ್ಷದಿಂದ ಮನೇಲಿ ಸಣ್ಣ ಗ್ರಿಲ್ಲಲ್ಲಿ ಮಾಡ್ತೀನಿ, ಆ ಹೊಗೆ ನೋಡಿದಾಗ್ಲೇ ಮನಸ್ಸು ಬೇಡ ಅಂತು. ಆದ್ರೆ ಎಲ್ರೂ ಹಸ್ಕೊಂಡಿದ್ರು, ಅಕ್ಕ ಅಷ್ಟು ಖುಷಿಯಾಗಿದ್ಲು, ಎದ್ದು ಹೋಗೋಣ ಅನ್ನೋಕೆ ಬಾಯಿ ಬರ್ಲಿಲ್ಲ.

ಆರ್ಡರ್ ಮಾಡಿದ್ದು ಮೂರೇ ಐಟಂ, ಚಿಕನ್, ಪೋರ್ಕ್ ರಿಬ್ಸ್ (ಹಂದಿ ಪಕ್ಕೆಲುಬು), ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ). ಎಲ್ಲಾ ಹತ್ತೇ ನಿಮಿಷದಲ್ಲಿ ಬಂತು.

ರಿಬ್ಸ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ನೀರಲ್ಲಿ ಬೇಯ್ಸಿ, ಮೇಲೆ ಸಿಹಿ ಸಾಸ್ ಬಳಿದು, ಎರಡು ನಿಮಿಷ ಬೆಂಕಿ ತೋರ್ಸಿ ಕೊಟ್ಟಿದ್ರು. ಹೆಂಗೆ ಗೊತ್ತಾಯ್ತು ಅಂದ್ರೆ ಕೈಗೆ ತಗೊಂಡ ತಕ್ಷಣ ಮಾಂಸ ಪೂರ್ತಿ ಮೂಳೆಯಿಂದ ಕಳಚಿ ತಟ್ಟೆಗೆ ಬಿತ್ತು, ಸಾಸ್ ಒರೆಸಿ ನೋಡಿದ್ರೆ ಒಳಗೆ ಮೇಲಿಂದ ಕೆಳಗಿನವರೆಗೂ ಬೂದು ಬಣ್ಣ, ಹೊಗೆ ಮುಟ್ಟಿದ ಗುರುತೇ ಇಲ್ಲ, ನೀರು ನೀರು. ತುಂಬಾ ಜನ ಮೂಳೆಯಿಂದ ಹಂಗೇ ಕಳಚಿ ಬಂದ್ರೆ ಚೆನ್ನಾಗಿ ಆಗಿದೆ ಅನ್ಕೊಳ್ತಾರೆ, ಅಲ್ಲ, ಅದು ಹದ ಮೀರಿ ಬೆಂದಿರೋದು. ಹದವಾಗಿದ್ರೆ ಕಚ್ಚಿದ ಕಡೆ ಹಲ್ಲಿನ ಗುರುತು ನೀಟಾಗಿ ನಿಲ್ಲುತ್ತೆ, ಮಿಕ್ಕ ಮಾಂಸ ಮೂಳೆಗೇ ಅಂಟ್ಕೊಂಡಿರುತ್ತೆ. ಇದು ಮೋಸ ಅಷ್ಟೇ, ಆರೋಗ್ಯಕ್ಕೆ ತೊಂದರೆ ಇಲ್ಲ.

ತೊಂದರೆ ಶುರುವಾಗಿದ್ದು ಚಿಕನ್ನಿಂದ. ಚರ್ಮ ಕಪ್ಪಗೆ ಮಸಿ ಹಿಡಿದಂಗಿತ್ತು, ನಾಲಿಗೆ ಮೇಲಿಟ್ರೆ ಕಹಿ, ಸ್ವಲ್ಪ ಹೊತ್ತಿಗೆ ನಾಲಿಗೆ ಜುಮ್ ಅಂತ ಮರಗಟ್ಟಿದಂಗಾಯ್ತು. ಪುಟ್ಟ ಆಗಲೇ ಲೆಗ್ ಪೀಸ್ ಹೊರಗಿನ ಭಾಗ ಎರಡು ಸಲ ಕಚ್ಚಿ ತಿಂದಿದ್ದ, ಮೂರನೇ ಸಲ ಕಚ್ಚಿ "ಅಮ್ಮಾ ಇದು ಜಾರ್ತಿದೆ" ಅಂದ. ಅಕ್ಕ ಇಸ್ಕೊಂಡು ಬಿಡಿಸಿ ನೋಡಿದ್ರೆ ಮೂಳೆ ಹತ್ರ ಹಸಿ. ಬರೀ ಗುಲಾಬಿ ಬಣ್ಣ ಅಲ್ಲ, ಅರೆಪಾರದರ್ಶಕವಾಗಿ, ಲೋಳೆ ಲೋಳೆಯಾಗಿ, ಕೀಲು ತಿರುಗಿಸಿದ್ರೆ ಬಿಡ್ತಾನೇ ಇರ್ಲಿಲ್ಲ.

ವೇಟರ್ ಹುಡುಗನ್ನ ಕರೆದ್ವಿ. ಅವನು "ಮೇಡಂ ಅದು ಸ್ಮೋಕ್ ಪಿಂಕು, ಬಾರ್ಬೆಕ್ಯೂ ಅಂದ್ರೆ ಹಂಗೇ ಇರುತ್ತೆ" ಅಂದ. ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳ್ಬೇಕು, ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೊಗೇಲಿರೋ ನೈಟ್ರಿಕ್ ಆಕ್ಸೈಡು ಮಾಂಸದ ಬಣ್ಣದ ಜೊತೆ ಸೇರಿ ಬೆಂದ ಮೇಲೂ ಗುಲಾಬಿ ಬಣ್ಣ ಉಳಿಯೋದು ನಿಜ, ಎಳೇ ಕೋಳಿ ಆದ್ರೆ ಮೂಳೆಯೊಳಗಿನ ಬಣ್ಣ ಸೋರಿ ಹತ್ರದ ಮಾಂಸ ಕೆಂಪಾಗೋದೂ ನಿಜ. ಅದಕ್ಕೇ ಬಣ್ಣ ನೋಡಿ ಬೆಂದಿದೆ ಅಂತಾನೂ ಹೇಳೋಕಾಗಲ್ಲ, ಬೆಂದಿಲ್ಲ ಅಂತಾನೂ ಹೇಳೋಕಾಗಲ್ಲ. ನೋಡ್ಬೇಕಾಗಿರೋದು ಒಳಗಿನ ಬಿಸಿ. ಕೋಳಿ ಮಾಂಸ ಒಳಗಡೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ರೆ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಥರದ ಬ್ಯಾಕ್ಟೀರಿಯಾ ಉಳಿಯಲ್ಲ. ನಾನು ಕೇಳಿದ್ದು ಇಷ್ಟೇ, ಥರ್ಮಾಮೀಟರ್ ತಂದು ಚುಚ್ಚಿ ತೋರ್ಸಿ, 74 ಇದ್ರೆ ನಾನೇ ಸಾರಿ ಕೇಳ್ತೀನಿ ಅಂತ.

ಥರ್ಮಾಮೀಟರ್ ಇಲ್ವಂತೆ. ಅಷ್ಟು ದೊಡ್ಡ ಗ್ರಿಲ್ ಹಾಕಿದಾರೆ, ಗೋಡೆ ತುಂಬ ಪೇಂಟಿಂಗ್ ಮಾಡ್ಸಿದಾರೆ, ಒಂದು ಥರ್ಮಾಮೀಟರ್ ಇಲ್ಲ. ಆಮೇಲೆ ಮ್ಯಾನೇಜರ್ ಬಂದು "ನಮ್ಮ ಅಡುಗೆಯವರು ಕೈಯಲ್ಲಿ ಮುಟ್ಟಿದ್ರೇ ಹೇಳ್ಬಿಡ್ತಾರೆ ಮೇಡಂ, ಅಷ್ಟು ಎಕ್ಸ್‌ಪೀರಿಯನ್ಸ್ ಇದೆ" ಅಂದ್ರು. ನಾನು ಎದ್ದು ಕೌಂಟರ್ ಹತ್ರ ಹೋಗಿ ನಿಂತೆ, ಗ್ರಿಲ್ ಅಲ್ಲಿಂದ ಕಾಣ್ಸುತ್ತೆ. ಅಲ್ಲಿ ಒಬ್ರು ಹಸಿ ಚಿಕನ್ ತುಂಡುಗಳನ್ನ ಇಕ್ಕಳದಲ್ಲಿ ಎತ್ತಿ ಗ್ರಿಲ್ ಮೇಲಿಟ್ರು, ಅದೇ ಇಕ್ಕಳದಲ್ಲಿ ಪಕ್ಕದಲ್ಲಿ ಆಗಿದ್ದ ತುಂಡು ತೆಗೆದು ಬೇರೆ ಟೇಬಲ್ಲಿನ ತಟ್ಟೆಗೆ ಹಾಕಿದ್ರು. ತೊಳೀಲಿಲ್ಲ, ಒರೆಸ್ಲೂ ಇಲ್ಲ. ಎಷ್ಟೇ ಚೆನ್ನಾಗಿ ಬೇಯ್ಸಿ, ಹಸಿ ಮಾಂಸ ಮುಟ್ಟಿದ ಇಕ್ಕಳ ತಾಗಿದ್ರೆ ಬೇಯ್ಸಿದ್ದು ವ್ಯರ್ಥ. ಮ್ಯಾನೇಜರಿಗೆ ಅಲ್ಲೇ ತೋರ್ಸಿದೆ, ಅವರು "ಬಿಸಿ ಇರುತ್ತಲ್ಲ ಮೇಡಂ, ಏನೂ ಆಗಲ್ಲ" ಅಂದ್ರು. ಇಕ್ಕಳದ ತುದಿ ಅಷ್ಟು ಬಿಸಿ ಆಗಲ್ಲ ಅಂತ ಹೇಳಿದ್ರೆ ಕೇಳಿಸ್ಕೊಳ್ಳೋ ಮನಸ್ಸೇ ಇರ್ಲಿಲ್ಲ ಅವರಿಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಇದಕ್ಕೋಸ್ಕರನೇ ಇಷ್ಟು ಬರೀತಿರೋದು. ನಾವೆಲ್ಲ ಚಿಕನ್ ಗಲಾಟೆಯಲ್ಲಿದ್ದಾಗ ತಮ್ಮ ಬ್ರಿಸ್ಕೆಟ್ ತಿಂತಿದ್ದ. ಭಾವನೂ ಎರಡು ಸ್ಲೈಸ್ ತಿಂದ್ರು. ನಾನು ಒಂದು ತುಂಡು ಬಾಯಿಗೆ ಹಾಕ್ಕೊಂಡೆ, ಒಣಗಿತ್ತು, ನಾರು ನಾರು, ಕೊಬ್ಬು ಬೆಳ್ಳಗೆ ಗಟ್ಟಿಯಾಗಿ ಮೇಣ ಥರ ಹಲ್ಲಿಗೆ ಮೆತ್ಕೊಳ್ತು, ಹೆಚ್ಚಂದ್ರೆ ಉಗುರುಬೆಚ್ಚಗಿತ್ತು. ನಿನ್ನೇದಿರ್ಬೇಕು ಅನ್ಕೊಂಡು ಪಕ್ಕಕ್ಕಿಟ್ಟೆ, ಆದ್ರೆ ತಮ್ಮಂಗೆ ತಿನ್ಬೇಡ ಅಂತ ಹೇಳ್ಲಿಲ್ಲ. ವಾಸನೆ ಇರ್ಲಿಲ್ಲ, ಹುಳಿ ಬಂದಿರ್ಲಿಲ್ಲ, ಹೊಗೆಯಿಂದ ಅಂಚಲ್ಲಿ ಬರೋ ಗುಲಾಬಿ ರಿಂಗೂ ಚೆನ್ನಾಗೇ ಇತ್ತು. ಬರೀ ಬೇಜಾರಿನ ಮಾಂಸ ಅನ್ಕೊಂಡೆ, ಅಪಾಯ ಅಂತ ನಂಗೆ ಹೊಳೀಲಿಲ್ಲ, ಆಗ ಪೂರ್ತಿ ಗಮನ ಮಗು ಮೇಲಿತ್ತು.

ಭಾನುವಾರ ಬೆಳಗ್ಗೆ ಆರು ಗಂಟೆಗೆ ತಮ್ಮ ನನ್ನ ರೂಮಿನ ಬಾಗಿಲು ತಟ್ದ, "ಅಕ್ಕ, ಹೊಟ್ಟೆ ಹಿಂಡ್ತಿದೆ ಕಣೆ, ತಡ್ಕೊಳ್ಳೋಕಾಗ್ತಿಲ್ಲ". ಮಧ್ಯಾಹ್ನದವರೆಗೂ ಬಾತ್‌ರೂಮಿಂದ ಹಾಸಿಗೆ, ಹಾಸಿಗೆಯಿಂದ ಬಾತ್‌ರೂಮ್. ಜ್ವರ ಇಲ್ಲ, ವಾಂತಿ ಇಲ್ಲ, ಬರೀ ಹೊಟ್ಟೆ ನೋವು, ನೀರು ನೀರಾಗಿ ಭೇದಿ. ಅಷ್ಟೊತ್ತಿಗೆ ಅಕ್ಕ ಫೋನ್ ಮಾಡಿ ಭಾವಂಗೂ ಅದೇ ಥರ ಅಂದ್ಲು, ಸ್ವಲ್ಪ ಕಮ್ಮಿ. ಚಿಕನ್ ಕಚ್ಚಿದ್ದು ಪುಟ್ಟ, ಅವನು ಆರಾಮಾಗಿ ಆಡ್ತಿದಾನೆ, ತಮ್ಮ ಚಿಕನ್ ಮುಟ್ಟೇ ಇರ್ಲಿಲ್ಲ. ಇಬ್ರೂ ತಿಂದಿದ್ದು ಬ್ರಿಸ್ಕೆಟ್.

ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರು ಏನು ತಿಂದ್ರಿ, ಎಷ್ಟೊತ್ತಿಗೆ ತಿಂದ್ರಿ, ಬಿಸಿ ಇತ್ತಾ ಅಂತೆಲ್ಲ ಕೇಳಿ, ಟೆಸ್ಟ್ ಮಾಡ್ದೆ ಖಚಿತ ಹೇಳೋಕಾಗಲ್ಲ ಆದ್ರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾಗೆ ಇದೆಲ್ಲ ಸರಿ ಹೊಂದುತ್ತೆ ಅಂದ್ರು. ಅದರ ಬೀಜಕಣಗಳು, ಅಂದ್ರೆ ಗಟ್ಟಿ ಕವಚದೊಳಗೆ ನಿದ್ದೆಯಲ್ಲಿರೋ ರೂಪ, ಬೇಯ್ಸಿದ್ರೂ ಸಾಯಲ್ಲ. ದೊಡ್ಡ ಮಾಂಸದ ಗಡ್ಡೆ ಬೇಯ್ಸಿ ಹಂಗೇ ಹೊರಗಿಟ್ರೆ ನಿಧಾನಕ್ಕೆ ತಣ್ಣಗಾಗ್ತಾ ಬರುತ್ತಲ್ಲ, ಆ ಉಗುರುಬೆಚ್ಚಗಿರೋ ಹೊತ್ತಲ್ಲಿ ಮೊಳೆತು ಲೆಕ್ಕ ಇಲ್ದಂಗೆ ಬೆಳೆಯುತ್ತೆ, ಮಾಂಸದ ವಾಸನೆನೂ ಬದಲಾಗ್ದೆ ಇರ್ಬಹುದು, ರುಚಿನೂ ಅಷ್ಟೇ. ತಿಂದು 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಡ್ಕೊಳ್ಳುತ್ತೆ, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತೆ. ತಮ್ಮ ಒಂಬತ್ತು ಗಂಟೆ ರಾತ್ರೀಲಿ ತಿಂದಿದ್ದು, ಲೆಕ್ಕ ಹಾಕಿ.

ಬ್ರಿಸ್ಕೆಟ್ ತುಂಬ ಗಟ್ಟಿ ಮಾಂಸ, ಅದರಲ್ಲಿರೋ ಕೊಲಾಜೆನ್ ಅನ್ನೋ ನಾರಿನಂಥ ಪ್ರೋಟೀನ್ ಕರಗಿ ಮೆತ್ತಗಾಗೋಕೆ 110 ಡಿಗ್ರಿ ಆಸುಪಾಸಲ್ಲಿ ಹನ್ನೆರಡು ಗಂಟೆ, ಕೆಲವು ಸಲ ಇನ್ನೂ ಜಾಸ್ತಿ ಬೇಕು. ಒಳಗೆ ಸುಮಾರು 95 ಡಿಗ್ರಿ ಬರೋವರೆಗೂ ಕಾಯ್ಬೇಕು. ಹಾಗಾಗಿ ಯಾವ ಹೋಟೆಲ್ಲೂ ನೀವು ಆರ್ಡರ್ ಮಾಡಿದ್ಮೇಲೆ ಬೇಯ್ಸಲ್ಲ, ಮೊದಲೇ ಮಾಡಿಟ್ಟಿರ್ತಾರೆ, ಅದು ತಪ್ಪೇ ಅಲ್ಲ. ಹೆಂಗೆ ಇಟ್ಟಿದಾರೆ ಅನ್ನೋದೇ ಎಲ್ಲಾ. ಬಿಸಿಯಾಗಿ ಇಡೋದಾದ್ರೆ 60 ಡಿಗ್ರಿ ಮೇಲಿರ್ಬೇಕು. ಮಾರನೇ ದಿನಕ್ಕೆ ಇಡೋದಾದ್ರೆ ಬೇಗ ತಣ್ಣಗೆ ಮಾಡಿ ಫ್ರಿಡ್ಜಿಗೆ ಹಾಕ್ಬೇಕು, ಅಮೆರಿಕದ ಫುಡ್ ಕೋಡ್ ಪ್ರಕಾರ 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳೀಬೇಕು, 5 ಡಿಗ್ರಿಗೆ ಬರೋಕೆ ಒಟ್ಟು ಆರು ಗಂಟೆ ದಾಟಬಾರ್ದು. ಐದಾರು ಕಿಲೋ ಗಡ್ಡೆನ ಇಡಿಯಾಗಿ ಫ್ರಿಡ್ಜಲ್ಲಿಟ್ರೆ ನಡುಭಾಗ ಅಷ್ಟು ಬೇಗ ತಣ್ಣಗಾಗಲ್ಲ, ಕತ್ತರಿಸಿ ಸಣ್ಣದು ಮಾಡ್ಬೇಕು. ಮತ್ತೆ ಕೊಡುವಾಗ 74 ಡಿಗ್ರಿವರೆಗೂ ಕಾಯಿಸ್ಬೇಕು. ಥರ್ಮಾಮೀಟರ್ ಇಲ್ದೇ ಇರೋ ಅಡುಗೆಮನೇಲಿ ಇದರಲ್ಲಿ ಒಂದಾದ್ರೂ ಹೆಂಗೆ ನೋಡ್ತಾರೆ ಹೇಳಿ. ಹಸಿ ಚಿಕನ್ ನೋಡಿ ಅಷ್ಟು ಜಗಳ ಮಾಡಿದ ನಾನು, ಥರ್ಮಾಮೀಟರ್ ಇಲ್ಲ ಅಂದ ಕ್ಷಣವೇ ಬ್ರಿಸ್ಕೆಟ್ ತಟ್ಟೆನೂ ತಮ್ಮನ ಮುಂದಿಂದ ಎತ್ತಿಡ್ಬೇಕಿತ್ತು.

ಆ ಗುಲಾಬಿ ರಿಂಗ್ ನೋಡಿ ಯಾರೂ ನಂಬ್ಬೇಡಿ. ಅದು ಬೇಯೋಕೆ ಶುರುವಾದ ಮೊದಲ ಕೆಲವು ಗಂಟೇಲಿ ಆಗೋ ಬಣ್ಣ, ಅದು ಇವತ್ತಿಂದಾ ಮೂರು ದಿನದ ಹಿಂದಿಂದಾ ಅಂತ ಹೇಳಲ್ಲ, ಮಾಂಸ ಕೆಡದಂಗೆ ಹಚ್ಚೋ ನೈಟ್ರೈಟ್ ಇರೋ ಕ್ಯೂರಿಂಗ್ ಉಪ್ಪಿಂದ ಹೊಗೆ ಇಲ್ದೇನೂ ಅದನ್ನ ಬರ್ಸಬಹುದು.

ಹೋಗ್ಲೇಬೇಕು ಅನ್ನೋರು ಮೊದಲು ಗ್ರಿಲ್ ಕಾಣೋ ಕಡೆ ಕೂತ್ಕೊಳ್ಳಿ, ಹಸಿ ಮಾಂಸಕ್ಕೂ ಬೆಂದಿದ್ದಕ್ಕೂ ಬೇರೆ ಬೇರೆ ಇಕ್ಕಳ, ಬೇರೆ ಹಲಗೆ ಇದೆಯಾ ಅಂತ ಐದು ನಿಮಿಷ ಸುಮ್ನೆ ನೋಡಿ. ಸಾಸ್ ಬೇರೆ ಬಟ್ಟಲಲ್ಲಿ ಕೊಡಿ ಅನ್ನಿ, ಮೇಲೆ ಸುರಿದು ಕೊಟ್ರೆ ಕೆಳಗೇನಿದೆ ಕಾಣಲ್ಲ. ಬ್ರಿಸ್ಕೆಟ್ ಯಾವಾಗ ಬೆಂಕಿಯಿಂದ ಇಳಿಸಿದ್ದು, ಎಲ್ಲಿ ಇಟ್ಟಿದ್ರಿ ಅಂತ ಕೇಳಿ, ಒಳ್ಳೆ ಜಾಗದವರು ಇದನ್ನ ಹೆಮ್ಮೆಯಿಂದ ಹೇಳ್ತಾರೆ, ಸಿಟ್ಟಾಗಲ್ಲ. ತಟ್ಟೆ ಬಂದಾಗ ಮಧ್ಯದ ಸ್ಲೈಸ್ ಮುಟ್ಟಿ ನೋಡಿ, ಬಿಸಿ ಇಲ್ಲ ಅಂದ್ರೆ ವಾಪಸ್ ಕಳ್ಸಿ, ಸಂಕೋಚ ಮಾಡ್ಕೋಬೇಡಿ, ಮೈಕ್ರೋವೇವಲ್ಲಿ ಅರ್ಧ ನಿಮಿಷ ಬಿಸಿ ಮಾಡ್ಕೊಂಡು ಬಂದ್ರೆ ಅದನ್ನೂ ತಿನ್ಬೇಡಿ. ನಮಗೆ ಉಳಿದಿದ್ದನ್ನ ಅವರೇ ಪ್ಯಾಕ್ ಮಾಡಿ ಕೊಟ್ಟಿದ್ರು, ಅದಾಗ್ಲೇ ಟೇಬಲ್ ಮೇಲೆ ಒಂದೂವರೆ ಗಂಟೆ ಇತ್ತು, ಮನೆ ಸೇರೋಷ್ಟರಲ್ಲಿ ಹೊರಗಿದ್ದು ಒಟ್ಟು ಎರಡು ತಾಸು ದಾಟಿತ್ತು, ಅಮ್ಮ ಬಿಸಾಕೋಕೆ ಒಪ್ಲಿಲ್ಲ, ಜಗಳ ಆಡಿ ಬಿಸಾಕ್ದೆ. ಅದೊಂದು ಸರಿ ಮಾಡ್ದೆ.

ಸೋಮವಾರ ಹೋಟೆಲಿಗೆ ಫೋನ್ ಮಾಡಿ ಇಬ್ರಿಗೆ ಹುಷಾರು ತಪ್ಪಿದೆ, ಆ ಬ್ಯಾಚ್ ಮಾಂಸ ಯಾರಿಗೂ ಕೊಡ್ಬೇಡಿ ಅಂತ ಹೇಳ್ದೆ. ದುಡ್ಡು ಕೇಳ್ಲಿಲ್ಲ. ಅವರು ಮುಂದಿನ ಸಲ ಬಂದಾಗ ಡಿಸ್ಕೌಂಟ್ ಕೊಡ್ತೀವಿ ಅಂದ್ರು. ಅವತ್ತೇ ಬಿಲ್ಲು, ಫೋಟೋ, ಡಾಕ್ಟರ್ ಚೀಟಿ ಎಲ್ಲ ಸೇರಿಸಿ ದೂರು ಕೊಟ್ಟೆ.

ಪುಟ್ಟನ ವಿಷಯ ಇನ್ನೂ ಎಳೀತು. ಕ್ಯಾಂಪಿಲೊಬ್ಯಾಕ್ಟರ್ ಆದ್ರೆ ಸಾಮಾನ್ಯವಾಗಿ 2ರಿಂದ 5 ದಿನ ಬಿಟ್ಟು ಕಾಣಿಸ್ಕೊಳ್ಳುತ್ತೆ ಅಂದಿದ್ರು, ಗುರುವಾರದವರೆಗೂ ಅಕ್ಕ ರಾತ್ರಿ ಎದ್ದೆದ್ದು ಅವನ ಹಣೆ ಮುಟ್ಟಿ ನೋಡ್ತಿದ್ಲು. ನಿನ್ನೆಗೆ ಐದು ದಿನ ಆಯ್ತು, ಏನೂ ಆಗಿಲ್ಲ, ಸದ್ಯ.

ಇತ್ತೀಚೆಗೆ ಎಲ್ಲಾದ್ರೂ ಇಂಥ ಜಾಗದಲ್ಲಿ ತಿಂದು ಬಂದಿದ್ದು ಹೊಟ್ಟೆ ಕೆಟ್ಟಿದ್ರೆ ಓಆರ್‌ಎಸ್ ಕುಡೀತಾ ಇರಿ, ಸ್ವಲ್ಪ ಸ್ವಲ್ಪ, ಬಿಡದೆ. ಮಲದಲ್ಲಿ ರಕ್ತ ಕಂಡ್ರೆ, ಜ್ವರ 39 ಡಿಗ್ರಿ ಹತ್ರ ಹೋದ್ರೆ, ಮೂರು ದಿನ ಆದ್ರೂ ನಿಲ್ದಿದ್ರೆ, ಕುಡಿದ ನೀರೂ ಹೊಟ್ಟೇಲಿ ನಿಲ್ದಿದ್ರೆ, ಮೂತ್ರ ಕಮ್ಮಿಯಾಗಿ ತಲೆ ಸುತ್ತಿದ್ರೆ ಮನೇಲಿ ಕೂರ್ಬೇಡಿ, ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳು, ವಯಸ್ಸಾದೋರು, ಬಸುರಿ ಹೆಂಗಸರು ಇದ್ರೆ ಇಷ್ಟೆಲ್ಲ ಆಗೋವರೆಗೆ ಕಾಯಲೇಬೇಡಿ. ಹೋಗುವಾಗ ಏನು ತಿಂದ್ರಿ, ಎಷ್ಟು ಗಂಟೆಗೆ ತಿಂದ್ರಿ ಅಂತ ಬರ್ಕೊಂಡು ಹೋಗಿ, ನಮ್ಮ ಡಾಕ್ಟರ್ ಮೊದಲು ಕೇಳಿದ್ದೇ ಅದು.